ಓದಿಲ್ಲ ಅಂತ ಹೇಳಿದ ದಿನ

ಫೆಬ್ರವರಿ 11, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಮ್ಮನ ಮುದ್ದು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಲ್ಲಿ ನೀನು ಮುಖ ಊದಿಸಿಕೊಂಡು ಕೂತಿರುತ್ತೀಯ ಎಂದು ಗೊತ್ತು, ಕ್ಷಮಿಸು. ನೂರ ನಲವತ್ತು ಉತ್ತರಪತ್ರಿಕೆ ಊಟದ ಮೇಜಿನ ಮೇಲೆ ಗುಡ್ಡೆ ಬಿದ್ದಿತ್ತು. ನಿನ್ನ ಅಪ್ಪ ಅಷ್ಟು ದಿನವೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ನಿನ್ನೆ ಕೊನೆಯ ಕಟ್ಟು ಮುಗಿಸಿದಾಗ, "ಅಂತೂ ಮೇಜಿನ ಮುಖ ನೋಡೋ ಭಾಗ್ಯ ಬಂತು" ಎಂದರು.

ಮೊದಲು ನೀನು ಕೇಳಿದ್ದಕ್ಕೆ ಉತ್ತರ: ಚೀಲಗಳು ಉಳಿದವು! ನೆನಪಿರಬೇಕಲ್ಲ, ನಮ್ಮ ಹೊಸ ಲೈಬ್ರರಿಯಮ್ಮ ಪುರುಸೊತ್ತಿಲ್ಲದ ಇಂಗ್ಲಿಷ್ ಮೇಡಂಗಳಿಗೆಂದೇ ಬಟ್ಟೆಚೀಲ ಹೊಲಿಸಿದ್ದಾಳೆ. ಒಂದೊಂದರಲ್ಲೂ ಹದಿಹರೆಯದವರಿಗಾಗಿ ಬರೆದ ಒಂದು ಕಾದಂಬರಿಯ ಆರು ಪ್ರತಿ, ಮಕ್ಕಳು ಸರದಿಯಲ್ಲಿ ಮನೆಗೊಯ್ದು ಓದಲು; ಜೊತೆಗೆ ಮೇಡಂಗೊಂದು ಹಾಳೆ. ಯಾವ ಪುಟ ಗಟ್ಟಿಯಾಗಿ ಓದಬೇಕು, ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು, ಎಲ್ಲ ಅದರಲ್ಲೇ ಇರುತ್ತದೆ. ಪಾಠಕ್ಕೆ ಮುಂಚೆ ಹತ್ತೇ ನಿಮಿಷ. ವ್ಯಾಕರಣದ ಹೊತ್ತು ತಿನ್ನುವ ಆ ಹತ್ತು ನಿಮಿಷ ಹೆಡ್ ಮೇಡಂ ಕಣ್ಣಿಗೆ ಬಿದ್ದಿತ್ತು. "ಒಂದು ಕ್ಲಾಸಲ್ಲಿ ಕೂತು ನೋಡ್ತೀನಿ. ಉಪಯೋಗ ಇಲ್ಲ ಅನ್ಸಿದ್ರೆ ಚೀಲ ಎಲ್ಲ ಸ್ಟೋರ್ ರೂಮಿಗೆ" ಎಂದಿದ್ದರು. ಗುರುವಾರ ಅವರು ಬಂದದ್ದು ನನ್ನ ತರಗತಿಗೇ. ಲೈಬ್ರರಿಯಮ್ಮ ಬೆಳಿಗ್ಗೆ ಗೇಟಿನಲ್ಲೇ ನನ್ನನ್ನು ಹಿಡಿದು, "ಎಲ್ಲಾ ನಿಮ್ಮ ಕೈಲಿದೆ ಮೇಡಂ" ಎಂದಳು.

ಪಾಪ, ಅವಳಿಗೇನು ಗೊತ್ತು! ನಾನು ಆ ಕಾದಂಬರಿಯನ್ನು ಓದಿಯೇ ಇರಲಿಲ್ಲ. ಹಾಳೆಯಲ್ಲಿದ್ದ ಪುಟಗಳನ್ನು ಮಾತ್ರ ಓದಿಕೊಂಡು, ಇಡೀ ಪುಸ್ತಕ ಅರೆದು ಕುಡಿದವಳಂತೆ ತಿಂಗಳಿಂದ ನಟಿಸುತ್ತಿದ್ದೆ.

ಹೆಡ್ ಮೇಡಂ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ಓದಿ ನಿಲ್ಲಿಸಿದೆ. ನಾನು 'ವಕೀಲಮ್ಮ' ಎಂದು ಕರೆಯುವ ಹುಡುಗಿಯೊಬ್ಬಳು ಎದ್ದು, "ಮಿಸ್, ಕೊನೇಲಿ ಅಣ್ಣತಮ್ಮ ರಾಜಿ ಆಗ್ತಾರಲ್ಲ, ನಿಮಗೆ ಇಷ್ಟ ಆಯ್ತಾ?" ಎಂದಳು.

ಹಿಂದೆಮುಂದೆ ನೋಡದೆ, "ತುಂಬಾ! ಎಷ್ಟಾದ್ರೂ ಒಡಹುಟ್ಟಿದವರಲ್ವಾ" ಎಂದುಬಿಟ್ಟೆ.

"ಅವರು ರಾಜಿ ಆಗೋದೇ ಇಲ್ಲ ಮಿಸ್. ನೀವು ಓದಿದ್ದೀರಾ ಅಂತ ನೋಡೋಕೆ ಕೇಳ್ದೆ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಹೀಗೆ ಸಿಕ್ಕಿಬಿದ್ದಿರಲಿಲ್ಲ. ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ. ಆದರೆ ಯಾಕೋ ಸಾಕೆನಿಸಿತು. "ಇಲ್ಲ. ಓದಿಲ್ಲ. ಓದಿದ್ದೀನಿ ಅಂತ ನಿಮಗೆಲ್ಲ ಸುಳ್ಳು ಹೇಳ್ತಾ ಇದ್ದೆ" ಎಂದೆ.

ಯಾರೂ ನಗಲಿಲ್ಲ. ವಕೀಲಮ್ಮನೇ ಸ್ವಲ್ಪ ಪೆಚ್ಚಾಗಿ, "ಹಾಗಾದ್ರೆ ನಾವು ಹೇಳ್ತೀವಿ ಮಿಸ್" ಎಂದಳು. ನಾನು ಮೊದಲ ಬೆಂಚಿನ ತುದಿಯಲ್ಲಿ ಕೂತೆ. ಆಮೇಲೆ ಏನು ಗಲಾಟೆ ಅಂತೀಯ! ಆ ಅಣ್ಣತಮ್ಮಂದಿರಲ್ಲಿ ಕಿರಿಯವನು ಮನೆ ಬಿಟ್ಟು ಹೋದದ್ದು ಸರಿ ಎಂದು ಒಬ್ಬಳು, ಹೇಡಿತನ ಎಂದು ಇನ್ನೊಬ್ಬ. ಹಾಜರಿ ಕರೆದಾಗ ಬಿಟ್ಟರೆ ಬಾಯಿ ತೆರೆಯದವರು ಮುರುಕು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತರು. ಹತ್ತು ನಿಮಿಷ ಹೋಗಿ ಇಡೀ ಪೀರಿಯಡ್ಡೇ ಮುಗಿಯಿತು.

ಹೊರಗೆ ಬಂದ ಮೇಲೆ ಹೆಡ್ ಮೇಡಂ, "ವ್ಯಾಕರಣ ಯಾವಾಗ ಮುಗಿಸ್ತೀರಿ?" ಎಂದರು. "ಶನಿವಾರ ಹೆಚ್ಚಿಗೆ ಕ್ಲಾಸ್ ತಗೋತೀನಿ" ಎಂದೆ. ಎರಡು ಹೆಜ್ಜೆ ಹೋಗಿ ತಿರುಗಿ, "ಚೀಲ ಇರ್ಲಿ. ನೀವು ಮಾತ್ರ ಓದ್ಕೊಂಡು ಬನ್ನಿ" ಎಂದರು. ಲೈಬ್ರರಿಯಮ್ಮ ಎಲ್ಲ ಹಾಳೆಗಳ ಕೆಳಗೂ ಈಗ ಒಂದು ಸಾಲು ಸೇರಿಸಿದ್ದಾಳೆ: "ಓದಿರದಿದ್ದರೆ ಹಾಗೆಂದು ಹೇಳಿ, ಮಕ್ಕಳಿಂದ ಕಥೆ ಕೇಳಿ." ನನ್ನ ಮಾನ ಹೋದದ್ದು ಹೀಗೆ ಉಪಯೋಗಕ್ಕೆ ಬಂತು. ನಿಜ ಹೇಳಲಾ, ಎದೆ ಹಗುರವಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ತೋರಿಸಿಕೊಂಡು ಹೊಸ ಕನ್ನಡಕ ಮಾಡಿಸಿಕೋ. ಎಲ್ಲಿದ್ದರೂ ತಣ್ಣಗಿರು, ನಗುನಗುತ್ತಾ ಇರು ನನ್ನ ಕಂದ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟುಕೊಂಡೆ. ಗುರುವಾರ ಮನೆಗೆ ಬಂದವಳೇ ನಿನ್ನ ಕಪಾಟಿನಿಂದ ಒಂದು ಪುಸ್ತಕ ತೆಗೆದೆ. ಹತ್ತನೇ ತರಗತಿಯಲ್ಲಿದ್ದಾಗ, "ಅಮ್ಮ, ಇದನ್ನ ಓದು, ಆಮೇಲೆ ಮಾತಾಡೋಣ" ಎಂದು ನೀನು ಕೊಟ್ಟದ್ದು. ವಾರ ಕಳೆದು ನೀನು ಕೇಳಿದೆ. "ಓದಿದೆ, ಚೆನ್ನಾಗಿದೆ" ಎಂದೆ ನಾನು. ನೀನು ಪುಸ್ತಕ ಇಸಿದುಕೊಂಡು ಒಳಗೆ ಹೋದೆ. ನಾನದನ್ನು ತೆರೆದೇ ಇರಲಿಲ್ಲ, ಗುಬ್ಬಿ. ಇವತ್ತು ಬೆಳಿಗ್ಗೆ ಓದಿ ಮುಗಿಸಿದೆ. ಅದರಲ್ಲಿ ಯಾರೂ ಮಾತಾಡಿಸದ ಹುಡುಗಿಯೊಬ್ಬಳು ವರ್ಷವಿಡೀ ಶಾಲೆಯ ಶೌಚಾಲಯದ ಬಾಗಿಲು ಹಾಕಿಕೊಂಡು ಡಬ್ಬಿಯ ಊಟ ಮಾಡುತ್ತಾಳೆ. ಆ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿನ್ನ ಅಕ್ಷರ: "ನಾನೂ." ನೀನೂ ಓದಿದ್ದ ನಮ್ಮ ಶಾಲೆಯಲ್ಲೇ, ಎರಡು ಕೋಣೆಯಾಚೆ ಸ್ಟಾಫ್ ರೂಮಿನಲ್ಲಿ, ನಾನು ಎಲ್ಲರ ಜೊತೆ ಹರಟುತ್ತಾ ಉಣ್ಣುತ್ತಿದ್ದೆ. ಈಗ ನಿಜವಾಗಿ ಓದಿದ್ದೇನೆ. ಇನ್ನೂ ಮಾತಾಡಬಹುದಾ?