ತೆಂಗಿನ ಬುಡದಲ್ಲಿ ಮುಳಿಹುಲ್ಲು

ಪ್ರೀತಿಯ ಅತ್ತೆ,

ನೀವು ಹೋಗಿ ಮೂರು ಮಳೆಗಾಲ ಕಳೆಯಿತು. ಬದುಕಿದ್ದಾಗ ನಿಮಗೊಂದು ಚೀಟಿಯನ್ನೂ ಬರೆಯದ ಸೊಸೆ ಈಗ ಕಾಗದ ಹಿಡಿದು ಕುಳಿತಿದ್ದಾಳೆ ಎಂದರೆ ಏನೋ ಎಡವಟ್ಟು ಮಾಡಿಕೊಂಡಿದ್ದಾಳೆ ಎಂದು ನಿಮಗೆ ಆಗಲೇ ಗೊತ್ತಾಗಿರುತ್ತದೆ. ಹೌದು. ಮನೆಯ ಮೇಲಿನ ಗುಡ್ಡದ ಪದವು, ನೀವು ಮುಳಿಹುಲ್ಲು ಕೊಯ್ದು ಮನೆಯ ಮಾಡಿಗೆ ಹೊದಿಸಿದ, ಹಂಚು ಬಂದ ಮೇಲೆ ದನಗಳಿಗೆಂದು ಹೊರೆ ಹೊತ್ತು ತಂದ ಆ ಬಯಲು, ಈಗ ಅರ್ಧ ಇಲ್ಲ. ಅದನ್ನು ಕೊಟ್ಟವಳು ನಾನು.

ಲಾರಿಗಳ ಸದ್ದಿಗೆ ನೀವು ಹಾಸಿಗೆಯಿಂದಲೇ ಕೇಳಿದ್ದಿರಿ, "ಎಂತ ಮಾರಾಯ್ತಿ ಅದು, ಇಡೀ ದಿನ ಗಡಗಡ?" ಹೈವೇ ಕೆಲಸ ಅತ್ತೆ, ಎಂದೆ. ಅರ್ಧ ನಿಜ. ಹೈವೇಗೆ ಹೋಗುತ್ತಿದ್ದದ್ದು ನಮ್ಮ ಪದವಿನ ಜಲ್ಲಿಮಣ್ಣು. ಅದಕ್ಕೆ ಬದಲಾಗಿ ಗುತ್ತಿಗೆದಾರ ಮನೆ ಬಾಗಿಲವರೆಗೆ ರಸ್ತೆ ಮಾಡಿಕೊಡುವುದೆಂದು ಮಾತಾಗಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಗುಡ್ಡ ಇಳಿಸುವಾಗ ಒಬ್ಬನ ಕಾಲು ಜಾರಿ, ನೀವು ಕಿರುಚಿದ್ದು... ರಸ್ತೆ ಬೇಕೆಂದು ನಾನು ಆ ದಿನವೇ ನಿಶ್ಚಯಿಸಿದ್ದೆ. ಬೇರೆ ಏನು ಮಾಡಬೇಕಿತ್ತು? ಶಾರ್ಜಾದಲ್ಲಿದ್ದ ನಿಮ್ಮ ಮಗ, ಒಂದು ಮೂಲೆ ಮಾತ್ರ ಎಂಬ ನನ್ನ ಮಾತು ನಂಬಿ ಸಹಿ ಮಾಡಿ ಕಳುಹಿಸಿದರು.

ಆ ರಸ್ತೆಯಲ್ಲಿ ಮೊದಲ ಸಲ ನಿಮ್ಮನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ ದಿನ ನಿಮ್ಮ ತಲೆ ನನ್ನ ತೊಡೆಯ ಮೇಲಿತ್ತು. ಪದವಿನಲ್ಲಿ ಮಣ್ಣು ತೆಗೆದ ಹೊಂಡದ ಬದಿಗೆ ಬಂದಾಗ ಸೆರಗಿನಿಂದ ನಿಮ್ಮ ಕಣ್ಣು ಮುಚ್ಚಿದೆ. "ಧೂಳು ಉಂಟು ಅತ್ತೆ." ಮಳೆ ಬಂದು ನಿಂತ ಮರುದಿನ ಎಲ್ಲಿಯ ಧೂಳು? ನನಗೆ ಇವತ್ತಿಗೂ ನಾಚಿಕೆಯಾಗುವುದು ಹೊಂಡಕ್ಕಿಂತ ಹೆಚ್ಚು ಆ ಸೆರಗಿನ ಬಗ್ಗೆ.

ಗುತ್ತಿಗೆದಾರನನ್ನು ದೂರಲೂ ಆಗುವುದಿಲ್ಲ. ಅಗೆಯುವ ಮೊದಲೇ ಅವನು ಹೇಳಿದ್ದ, "ಮೇಲಿನ ಒಂದಡಿ ಮಣ್ಣು ಬೇರೆ ಇಡ್ತೇವೆ ಅಕ್ಕ, ಕೆಲಸ ಮುಗಿದ ಮೇಲೆ ಪುನಃ ಹರಡಿ ಕೊಡುವಾ." ಹೇಳಿದಂತೆ ರಾಶಿ ಹಾಕಿಯೂ ಇಟ್ಟಿದ್ದ. ಒಳ್ಳೆಯ ಕೆಂಪು ಮಣ್ಣು ಸುಮ್ಮನೆ ಬಿದ್ದಿರುವುದನ್ನು ನೋಡಿ ನನಗೆ ತಡೆಯಲಿಲ್ಲ. ಅಷ್ಟನ್ನೂ ತೆಂಗಿನ ಬುಡಗಳಿಗೆ ಹಾಕಿಸಿದೆ. ಭಾರಿ ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನೀವು ಹೋದ ಮೇಲಿನ ಮೊದಲ ಮಳೆಗೆ ಹೊಂಡದ ತಳದಲ್ಲಿ ಬಿಳಿ ಜೇಡಿಮಣ್ಣಿನ ಮೇಲೆ ನೀರು ನಿಂತಿತ್ತು. ನೋಡಲಾಗದೆ ಹಟ್ಟಿಯ ಗೊಬ್ಬರ, ಸೊಪ್ಪು, ಸುಡುಮಣ್ಣು ಎಲ್ಲ ತಂದು ಸುರಿದೆ. ಗೊಬ್ಬರ ಹಾಕಿದರೆ ಬಾರದ್ದು ಏನಿದೆ ಎಂಬುದು ನಮ್ಮ ಧೈರ್ಯವಲ್ಲವೇ? ಬಂದದ್ದು ಆಳೆತ್ತರದ ಕಮ್ಯುನಿಸ್ಟ್ ಗಿಡ, ಆ ಹಾಳು ಕಳೆ. ಮುಳಿಹುಲ್ಲಿನ ಒಂದು ಎಸಳೂ ಇಲ್ಲ. ಬಡ ಮಣ್ಣಿನ ಹುಲ್ಲಿಗೆ ನಾನು ಮದುವೆಯೂಟ ಬಡಿಸಿದ್ದೆ.

ಮರುವರ್ಷ ತೋಟದ ಕೆಲಸಕ್ಕೆ ಬರುವ ಸುಂದರ ತೆಂಗಿನ ಬುಡದ ಕಳೆ ಕೀಳುತ್ತಾ ಗೊಣಗಿದ, "ಇದು ಎಂತ ಹುಲ್ಲು ಅಕ್ಕ, ಕಿತ್ತಷ್ಟೂ ಬರ್ತದಲ್ಲ." ಪೂರ್ತಿ ಕಿತ್ತು ಹಾಕು ಎಂದೆ. ಮನೆಗೆ ಬಂದು ನೋಡಿದರೆ ಸೀರೆಯ ಅಂಚಿನ ತುಂಬ ಸೂಜಿಯಂಥ ಬೀಜಗಳು. ನೀವು ಸಂಜೆ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಬಿಡಿಸುತ್ತಿದ್ದಿರಲ್ಲ, ಅದೇ ಮುಳಿಹುಲ್ಲಿನ ಬೀಜ. ಪದವಿನ ಮೇಲ್ಮಣ್ಣಿನ ಜೊತೆ ಹುಲ್ಲೂ ತೋಟಕ್ಕೆ ಇಳಿದಿತ್ತು. ನಾನು ತೋಟಕ್ಕೆ ಓಡಿದೆ. ಅಷ್ಟರಲ್ಲಿ ಸುಂದರ ಹದಿನೆಂಟು ಬುಡ ಬೋಳು ಮಾಡಿದ್ದ.

ಅಂದಿನಿಂದ ಬೇಸಿಗೆಯಲ್ಲಿ ಬುಡದ ಮಣ್ಣನ್ನು ಬೇರು ಸಮೇತ ಬುಟ್ಟಿಗೆ ತುಂಬಿ ಮೇಲಕ್ಕೆ ಹೊರುತ್ತಿದ್ದೇನೆ. ಗೊಬ್ಬರ ಹಾಕಿದ ಕಡೆ ಕೆರೆದು ತೆಗೆದು, ತೆಳ್ಳಗೆ ಹರಡುತ್ತೇನೆ. "ಅಲ್ಲಿ ಅಕೇಶಿಯಾ ನೆಟ್ರೆ ಆಗ್ತಿತ್ತು, ಹುಲ್ಲಿಗೆ ಯಾಕೆ ಇಷ್ಟು ಕಷ್ಟ?" ಎಂದು ಸುಂದರ ನಗುತ್ತಾನೆ. ಹೋದ ಮಳೆಗಾಲ ಎರಡು ಚಾಪೆ ಹಾಸುವಷ್ಟು ಜಾಗದಲ್ಲಿ ಹುಲ್ಲು ಬಂತು. ಅದನ್ನು ಯಾವಾಗ ಕೊಯ್ಯಬೇಕು, ಬೀಜ ಉದುರುವ ಮೊದಲೋ ಆಮೇಲೋ? ನಿಮ್ಮ ಹತ್ತಿರ ಒಮ್ಮೆಯೂ ಕೇಳಲಿಲ್ಲ. ಹುಲ್ಲಿನ ವಿಷಯ ಕೇಳುವುದು ಏನಿರುತ್ತದೆ ಎಂದು... ಹೆದರಿ ಕೊಯ್ಯದೆ ಬಿಟ್ಟಿದ್ದೇನೆ.

ಹೋದ ವಾರ ನಿಮ್ಮ ಮಗನಿಗೆ ಎಲ್ಲ ಹೇಳಿದೆ. ಇಷ್ಟು ವರ್ಷ ನಾನು ಕಳುಹಿಸುತ್ತಿದ್ದದ್ದು ಉಳಿದ ಅರ್ಧದ ಫೋಟೋ. ಅದನ್ನು ನೋಡಿ ಅವರು ಫೋನಿನಲ್ಲಿ ನಿಮಗೆ, "ಹುಲ್ಲು ಒಳ್ಳೆದುಂಟು ಅಮ್ಮ" ಎನ್ನುತ್ತಿದ್ದರು. ನಿಮ್ಮ ಕೊನೆಯ ದಿನಗಳಲ್ಲಿ ಅವರ ಬಾಯಲ್ಲೂ ಸುಳ್ಳು ಹೇಳಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ಫೋನ್ ಇಟ್ಟರು.

ಇವತ್ತು ಬೆಳಿಗ್ಗೆ ಮೆಸೇಜ್ ಬಂತು. "ರಜೆ ಹಾಕಿದ್ದೇನೆ. ಮಳೆ ಹಿಡಿಯುವ ಮೊದಲು ಬರ್ತೇನೆ. ಮಣ್ಣು ಹೊರ್ತೇನೆ. ನೀನು ನನ್ನ ಹತ್ತಿರ ಮಾತಾಡ್ಬೇಡ."

ಇನ್ನೂ ನಲವತ್ತು ಬುಡಗಳ ಮಣ್ಣು ಉಳಿದಿದೆ. ನಾಯ್ಮಾರ್ಮೂಲೆಯ ಅಂಗಡಿಯಿಂದ ಇನ್ನೊಂದು ಬುಟ್ಟಿ ತಂದಿಟ್ಟಿದ್ದೇನೆ ಅತ್ತೆ. ನಾನು ಮಾತಾಡುವುದಿಲ್ಲ.

ನಿಮ್ಮ ಸೊಸೆ,
ಜಯಂತಿ