ಕೇಳದೆ ಕೊಟ್ಟ ನಾಲ್ಕು ಮಾರ್ಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಶಾಲಾ ಮಕ್ಕಳ ಸಂಗೀತ ಸ್ಪರ್ಧೆಯ ಅಧ್ಯಕ್ಷರಿಗೆ,

ಮಾನ್ಯರೇ, ಈ ತಿಂಗಳ ಆರನೇ ತಾರೀಖು ನಿಮ್ಮ ಕಚೇರಿಯಿಂದ ಹೊರಟ ಕಾಗದ ನನ್ನ ಕೈಸೇರಿದೆ. ಸ್ಪರ್ಧೆಯಲ್ಲಿ ಒಬ್ಬ ಹುಡುಗಿಗೆ ಅನ್ಯಾಯವಾಗಿದೆ, ಸರಿಪಡಿಸಬೇಕು ಎಂದು ನಾನು ಬರೆದುಕೊಂಡ ಅರ್ಜಿಗೆ ನೀವು ಒಂದೇ ಸಾಲಿನ ಉತ್ತರ ದಯಪಾಲಿಸಿದ್ದೀರಿ: "ತೀರ್ಪುಗಾರರ ತೀರ್ಮಾನವೇ ಅಂತಿಮ, ಈ ವಿಷಯದಲ್ಲಿ ಮುಂದೆ ಪತ್ರವ್ಯವಹಾರ ಅನಗತ್ಯ." ಉತ್ತರ ಬಲು ಗಂಭೀರವಾಗಿದೆ. ತೊಡಕು ಒಂದೇ. ಆ ತೀರ್ಪುಗಾರ ನಾನೇ. ನನ್ನ ತೀರ್ಮಾನ ತಪ್ಪು ಎಂದು ನಾನು ಬರೆದರೆ, ನನ್ನ ತೀರ್ಮಾನವನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ನೀವು ನನಗೇ ಬುದ್ಧಿ ಹೇಳಿದ್ದೀರಿ! ಅರ್ಜಿಯ ಕೆಳಗಿನ ಸಹಿಯನ್ನೂ ಮಾರ್ಕಿನ ಪಟ್ಟಿಯ ಕೆಳಗಿನ ಸಹಿಯನ್ನೂ ಯಾರಾದರೂ ಪಕ್ಕದಲ್ಲಿಟ್ಟು ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ಆದರೆ ನೋಡದೆ ಉತ್ತರ ಬರೆದಿರಿ ಎಂದು ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ. ಕೇಳದೆ ಮಾರ್ಕು ಕೊಟ್ಟವನು ನಾನು. ಪತ್ರವ್ಯವಹಾರ ಬೇಡ ಎಂದಿರಾದ್ದರಿಂದ ಈ ಕಾಗದವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಊರಿನವರೆಲ್ಲ ಓದಲಿ, ನನ್ನ ಬಳಿ ಪಿಟೀಲು ಕಲಿಯಲು ಮಕ್ಕಳನ್ನು ಕಳಿಸುವವರು ಮೊದಲು ಓದಲಿ.

ನಡೆದದ್ದು ಇಷ್ಟು. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಮದ್ದೂರಿನಲ್ಲಿ ಸ್ಪರ್ಧೆ. ಬೆಳಿಗ್ಗೆ ವಾದ್ಯ, ಮಧ್ಯಾಹ್ನ ಹಾಡುಗಾರಿಕೆ. ತೀರ್ಪುಗಾರರು ಇಬ್ಬರು: ತಾಳ ಮತ್ತು ಸಾಹಿತ್ಯಕ್ಕೆ ಇನ್ನೊಬ್ಬರು, ಧ್ವನಿ ಮತ್ತು ಶ್ರುತಿಗೆ ನಾನು. ಬೆಳಿಗ್ಗೆ ನಾನು ನಿಯತ್ತಾಗಿಯೇ ಕೂತಿದ್ದೆ. ತನಗಿಂತ ಉದ್ದದ ವೀಣೆ ಹೊತ್ತು ತಂದ ಪುಟ್ಟ ಹುಡುಗಿಗೆ ತಂತಿ ಸರಿಮಾಡಿಕೊಟ್ಟೆ, ಕೊಳಲಿನಲ್ಲಿ ಉಸಿರು ಸಾಲದೆ ಅತ್ತವನಿಗೆ ನೀರು ಕುಡಿಸಿ ಇನ್ನೊಂದು ಸಲ ನುಡಿಸಲು ಹೇಳಿದೆ. ಊಟವಾಯಿತು. ಹಾಡುವ ಮಕ್ಕಳು ಮೂವತ್ತನಾಲ್ಕು ಜನ. ನಿಮ್ಮ ಸಮಿತಿಯವರು ಹೋಲಿಸಿ ನೋಡಲು ಸುಲಭವೆಂದು ಎಲ್ಲರಿಗೂ ಒಂದೇ ದೇವರನಾಮ ಗೊತ್ತು ಮಾಡಿದ್ದರು. ಒಂದೇ ಹಾಡನ್ನು ಮೂವತ್ತು ಸಲ ಕೇಳಿದವನ ಸ್ಥಿತಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನೀವು ಹನ್ನೊಂದನೆಯದಕ್ಕೇ ಎದ್ದು ಕಾಫಿಗೆ ಹೋದಿರಿ. ಇದು ನನ್ನ ಸಮರ್ಥನೆಯಲ್ಲ. ದೇವಸ್ಥಾನದ ಅರ್ಚಕರು ದಿನವೂ ಅದೇ ಮಂತ್ರ ಹೇಳುತ್ತಾರೆ, ಬೇಸರವಾಯಿತೆಂದು ದೇವರು ಎದ್ದು ಹೋಗುತ್ತಾನೆಯೇ?

ನಾಲ್ಕೂಮುಕ್ಕಾಲಿಗೆ ಮೂವತ್ತೊಂದನೆಯ ಹುಡುಗ ಮುಗಿಸಿದ. ಐದಕ್ಕೆ ನನ್ನ ರೈಲು. ನಾನು ನಿಮ್ಮ ಬಳಿ ಬಂದು, "ಇನ್ನೂ ಮೂವರು ಇದ್ದಾರಲ್ಲ, ಏನು ಮಾಡೋದು?" ಎಂದೆ. ನೀವು ನಕ್ಕು, "ಮೂವರು ತಾನೇ ಶ್ಯಾಮಣ್ಣನವರೇ, ಅಂದಾಜಿನ ಮೇಲೆ ತುಂಬಿ ಸಹಿ ಹಾಕಿ ಹೊರಡಿ," ಎಂದಿರಿ. ನೀವು ಹಾಗೆ ಹೇಳಿದ್ದು ನಿಜ, ಆದರೆ ಪೆನ್ನು ನನ್ನ ಕೈಯಲ್ಲಿತ್ತು. ಮೂವರಲ್ಲಿ ಇಬ್ಬರು ನನ್ನ ಬೀದಿಯ ಮಕ್ಕಳೇ. ಅವರು ಎಲ್ಲಿ ಏರುತ್ತಾರೆ, ಎಲ್ಲಿ ಜಾರುತ್ತಾರೆ ಎಂದು ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಮೂರನೆಯದು ಬರೀ ಒಂದು ಹೆಸರು: ಮರಿತಾಯಮ್ಮ, ಹನ್ನೆರಡು ವರ್ಷ, ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ, ತಂದೆ ಮಾದಯ್ಯ, ಬೇಸಾಯ. ನಾನು ಆ ಹಳ್ಳಿಯ ಹೆಸರು ಓದಿದೆ. ಓದಿದ ಕೂಡಲೇ ನನಗೆ ಅವಳ ಧ್ವನಿ ಕೇಳಿಸಿಬಿಟ್ಟಿತು! ಇಪ್ಪತ್ತಕ್ಕೆ ನಾಲ್ಕು ಹಾಕಿದೆ. ಷರಾ ಎಂಬ ಜಾಗ ಖಾಲಿ ಬಿಟ್ಟರೆ ಚೆನ್ನಾಗಿರದು ಎಂದು "ಧ್ವನಿ ಒರಟು, ಅಭ್ಯಾಸ ಸಾಲದು" ಎಂದು ಬರೆದೆ. ಅಕ್ಷರ ಮಾತ್ರ ಮುತ್ತಿನ ಹಾಗೆ ದುಂಡಗಿತ್ತು. ಹೆಗಲ ಮೇಲೆ ಹೊದ್ದಿದ್ದ ವಲ್ಲಿಯನ್ನು ಕುರ್ಚಿಯ ಮೇಲೇ ಬಿಟ್ಟೆ, ಹೊರಗೆ ಕಾಲಾಡಿಸಲು ಹೋಗಿದ್ದಾರೆ, ಈಗ ಬರುತ್ತಾರೆ ಎಂದು ಮಕ್ಕಳ ಮನೆಯವರು ತಿಳಿಯಲಿ ಎಂದು.

ರೈಲು ಒಂದು ಗಂಟೆ ತಡವಾಗಿ ಬಂತು. ಆ ಒಂದು ಗಂಟೆ ನಾನು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಎರಡು ವಡೆ ತಿಂದೆ. ಶಾಲೆ ಅಲ್ಲಿಂದ ಹತ್ತು ನಿಮಿಷದ ನಡಿಗೆ. ರೈಲು ತಡ ಎಂದು ತಿಳಿದ ಮೇಲೂ ನಾನು ಎದ್ದು ಹೋಗಲಿಲ್ಲ. ಮನೆಯಲ್ಲಿ ಅವಸರದ ಕೆಲಸವೇನಾದರೂ ಕಾದಿತ್ತೇ? ಏನೂ ಇರಲಿಲ್ಲ. ಸುಳ್ಳು ಹೇಳುವುದಾದರೆ ಒಂದು ಒಳ್ಳೆಯ ಕಾರಣ ಹುಟ್ಟಿಸಬಹುದಿತ್ತು, ಆದರೆ ಬರೆಯಲು ಕೂತ ಮೇಲೆ ಅದಕ್ಕೂ ನಾಚಿಕೆಯಾಗುತ್ತಿದೆ.

ಇಷ್ಟಾದ ಮೇಲೆ ನಾನು ನಿಮ್ಮ ಅಚ್ಚು ಹಾಕಿಸಿದ ನಿಯಮಗಳನ್ನು ತೆಗೆದು ಓದಿದೆ. ಹನ್ನೆರಡು ನಿಯಮಗಳಿವೆ. ಮಕ್ಕಳು ಎಂಟೂವರೆಗೆ ಹಾಜರಿರತಕ್ಕದ್ದು. ಮಡಿ ಬಟ್ಟೆ ಉಟ್ಟಿರತಕ್ಕದ್ದು. ತಲೆ ಬಾಚಿರತಕ್ಕದ್ದು. ಐದು ನಿಮಿಷಕ್ಕೆ ಮೀರಿ ಹಾಡತಕ್ಕದ್ದಲ್ಲ, ಗಂಟೆಯಾದ ಕೂಡಲೇ ಎದ್ದುಹೋಗತಕ್ಕದ್ದು. ಅಧ್ಯಕ್ಷರಿಗೂ ತೀರ್ಪುಗಾರರಿಗೂ ನಮಸ್ಕಾರ ಮಾಡತಕ್ಕದ್ದು. ತೀರ್ಪುಗಾರರು ಹಾಡನ್ನು ಕೇಳತಕ್ಕದ್ದು ಎಂಬ ನಿಯಮ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಆದ್ದರಿಂದ ಕಾಯಿದೆಯ ಪ್ರಕಾರ ನಾನು ಯಾವ ತಪ್ಪನ್ನೂ ಮಾಡಿಲ್ಲ. ನನ್ನನ್ನು ಶಿಕ್ಷಿಸಲು ನಿಮ್ಮಲ್ಲಿ ಒಂದು ನಿಯಮವಾದರೂ ಇದ್ದಿದ್ದರೆ ನಾನು ಸುಖವಾಗಿ ಮಲಗುತ್ತಿದ್ದೆನೋ ಏನೋ.

ಸ್ಪರ್ಧೆಯಾದ ಎರಡು ವಾರಕ್ಕೆ, ಒಂದು ಬೆಳಿಗ್ಗೆ, ಮಂಡ್ಯದ ನಮ್ಮ ಮನೆಯ ಜಗಲಿಗೆ ಒಬ್ಬ ರೈತ ಮಗಳ ಜೊತೆ ಬಂದ. ಹೆಗಲ ಮೇಲೆ ಒಂದು ಮೂಟೆ ಅವರೆಕಾಯಿ. ಯಾರೆಂದು ನನಗೆ ಗುರುತಿಲ್ಲ. "ನಾನು ಮರಿತಾಯಿ ಅಪ್ಪ ಐನೋರೇ, ಮಾದಯ್ಯ ಅಂತ," ಎಂದು ಮೂಟೆ ಇಳಿಸಿದ. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡೆ. ಜಗಳಕ್ಕೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಅವನು ಬಂದದ್ದು ನನ್ನ ಉಪಕಾರ ಸ್ಮರಣೆ ಮಾಡಲು.

"ನೀವು ಸತ್ಯ ಬರುದ್ರಿ ಐನೋರೇ," ಎಂದ. "ನಮ್ಮಳ್ಳೀಲಿ ಎಲ್ರೂ ಚೆಂದಾಗಾಡ್ತಾಳೆ, ಚೆಂದಾಗಾಡ್ತಾಳೆ ಅಂತ ಇವಳ್ ತಲೆ ಕೆಡ್ಸಿದ್ರು. ಇಸ್ಕೂಲ್ ಮೇಷ್ಟ್ರು ಬ್ಯಾರೆ, ಬಹುಮಾನ ಬಂದ್ರೆ ಮಂಡ್ಯದಾಗೆ ನೆಂಟ್ರ ಮನೇಲಿ ಬುಡು, ಸಂಗೀತ ಕಲೀಲಿ ಅಂದಿದ್ರು. ನಾನೂ ಊಂ ಅಂದಿದ್ದೆ. ತಿಳ್ದೋರು ಒಬ್ರು ಕೇಳಿ ನಿಜ ಯೋಳುದ್ರಲ್ಲ, ಸಾಕು ಬುಡಿ. ಉಗಾದಿಗೆ ಇಸ್ಕೂಲೂ ಬುಡಿಸ್ತೀನಿ. ಮನೆ ಕೆಲಸ ಕಲೀಲಿ."

ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಕೈಯಲ್ಲಿ ನಿಮ್ಮ ಕಚೇರಿಯಿಂದ ಕಳಿಸಿದ ಮಾರ್ಕಿನ ಚೀಟಿ, ನಾಲ್ಕಾಗಿ ಮಡಚಿದ್ದು. ಅದನ್ನು ಬಿಡಿಸಿ ನನ್ನ ಮುಂದೆ ಹಿಡಿದಳು.

"ಸಾ, ಎಲ್ಲಿ ಒರಟಾಯ್ತು ಅಂತ ಯೋಳಿ ಸಾ. ಮೇಲಕ್ಕೋಗೋವಾಗ್ಲಾ, ಕೆಳಿಕ್ ಬರೋವಾಗ್ಲಾ? ತಿದ್ಕತೀನಿ."

ಅಧ್ಯಕ್ಷರೇ, ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ನನ್ನನ್ನು ಯಾವ ಶಿಷ್ಯನೂ ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ. "ಮಾದಯ್ಯ, ನಿನ್ನ ಮಗಳು ಹಾಡಿದ್ದನ್ನ ನಾನು ಕೇಳಲೇ ಇಲ್ಲ ಕಣಯ್ಯ. ರೈಲಿಗೆ ಹೊತ್ತಾಯ್ತು ಅಂತ ಮೊದಲೇ ಬರೆದಿಟ್ಟು ಹೊರಟುಬಿಟ್ಟೆ," ಎಂದುಬಿಟ್ಟೆ.

ಮಾದಯ್ಯ ನಕ್ಕ. "ನೀವ್ ದೊಡ್ ಮನ್ಸೋರು ಐನೋರೇ. ಮಗ ಬೇಜಾರ್ ಮಾಡ್ಕತ್ತದೆ ಅಂತ ಅಂಗಂತೀರಿ. ಕೇಳ್ದೆ ಯಾರಾರೂ ಬರ್ದಾರಾ? ಬರುದ್ರೂವೆ ಸರ್ಕಾರದೋರು ಅದುಕ್ಕೆ ಮೊಹರು ಒತ್ತಾರಾ? ನೋಡಿ, ಇಲ್ಲೇ ಐತೆ." ಚೀಟಿಯ ಮೂಲೆಯ ನೀಲಿ ಮೊಹರಿನ ಮೇಲೆ ಬೆರಳಿಟ್ಟು ತೋರಿಸಿದ.

"ದಿಟ ಕಣಪ್ಪೋ," ಎಂದಳು ಹುಡುಗಿ. "ಇವ್ರು ಕುರ್ಚೀಲಿ ಇರ್ನಿಲ್ಲ. ವಲ್ಲಿ ಮಾತ್ರ ಇತ್ತು." ಆಮೇಲೆ ನನ್ನ ಕಡೆ ತಿರುಗಿ, "ಈಗ ಬತ್ತಾರೆ, ಈಗ ಬತ್ತಾರೆ ಅನ್ಕಂಡು ಪಲ್ಲವೀನೇ ತಿರ್ಗಾ ತಿರ್ಗಾ ಆಡ್ತಿದ್ದೆ ಸಾ. ನೀವು ಬಂದ್ಮೇಲೆ ಚರಣ ಆಡಾನ ಅಂತ. ಅಷ್ಟ್ರಲ್ಲಿ ಗಂಟೆ ಒಡುದ್ಬುಟ್ರು," ಎಂದಳು.

"ಸುಮ್ಕಿರವ್ವ," ಎಂದ ಅಪ್ಪ. "ಅವ್ರು ಬಾಗ್ಲಾಚೆ ನಿಂತ್ಕಂಡು ಕೇಳಿರ್ತಾರೆ. ದೊಡ್ಡೋರ್ಗೆ ಎದುರಾಡ್ಬ್ಯಾಡ."

ನಾನು, "ಈಗ ಹಾಡಮ್ಮ, ಇಲ್ಲೇ ಹಾಡು, ಎಷ್ಟು ಹೊತ್ತಾದರೂ ಸರಿ, ಪೂರ್ತಿ ಕೇಳ್ತೀನಿ," ಎಂದು ಅಂಗಲಾಚಿದೆ. ಹುಡುಗಿ ತಲೆ ಅಲ್ಲಾಡಿಸಿ, "ಬ್ಯಾಡ ಸಾ, ಒರಟಾಯ್ತದೆ," ಎಂದಳು. ಅವಳು ರಾಗಿ ಬೀಸುವಾಗಲೂ ಈಗ ಬಾಯಿ ಬಿಡುವುದಿಲ್ಲವಂತೆ. ಅದನ್ನು ಅವಳಪ್ಪ ಸಮಾಧಾನದಿಂದಲೇ ಹೇಳಿದ. ಕೈಮುಗಿದು ಹೊರಟರು. ಮುಂದಿನ ವಾರ ನಾನು ಅವರ ಹಳ್ಳಿಗೂ ಹೋಗಿ ಬಂದೆ. ಊರಿನ ತಲೆಯ ಮೇಲೆ ಶಿವನಸಮುದ್ರದ ಕರೆಂಟಿನ ತಂತಿ ಹಾದುಹೋಗಿದೆ, ಊರೊಳಗೆ ಸೀಮೆಎಣ್ಣೆಯ ಬುಡ್ಡಿ. ಮಜ್ಜಿಗೆ ಕೊಟ್ಟು ಉಪಚಾರ ಮಾಡಿದರು. ಮಾದಯ್ಯ ಮತ್ತೆ ಅದೇ ಮಾತು ಹೇಳಿದ. ಹುಡುಗಿ ಹಾಡಲಿಲ್ಲ.

ಅವರು ನಮ್ಮ ಮನೆಯಿಂದ ಹೊರಟ ದಿನ ನನ್ನ ಹೆಂಡತಿ ಗೋದಮ್ಮ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈಯಲಿಲ್ಲ. "ವಲ್ಲಿ ಮರೆತುಬಂದೆ ಅಂದಿದ್ರಿ ಅವತ್ತು," ಎಂದಳು, ಅಷ್ಟೇ. ಅವರೆಕಾಯಿ ಸುಲಿದು ಸಾರು ಮಾಡಿ ಬಡಿಸಿದಳು. ಆ ಸಾರಿನ ಅನ್ನವನ್ನು ಎಲೆಯಲ್ಲೇ ಕಲಸುತ್ತ ಕೂತೆ. ಅವಳು ಎದುರಿಗೆ ಕೂತು ನೋಡುತ್ತಿದ್ದಳು, ಏಳಲೂ ಆಗಲಿಲ್ಲ.

ಈಗ ನನಗೆ ನಾನೇ ಕೇಳಿಕೊಳ್ಳುವ ಪ್ರಶ್ನೆಯನ್ನು ನಿಮಗೂ ಕೇಳುತ್ತೇನೆ. ಇದು ನಾಲ್ಕನೇ ವರ್ಷ ನಾನು ಆ ಕುರ್ಚಿಯಲ್ಲಿ ಕೂತದ್ದು. ಹೋದ ವರ್ಷ ಕೊನೆಯ ಇಬ್ಬರಿಗೆ ಮಾರ್ಕು ಹಾಕುವಾಗ ನಾನು ಪಕ್ಕದವರೊಡನೆ ಮಾತಾಡುತ್ತಿದ್ದೆ. ಅದರ ಹಿಂದಿನ ವರ್ಷ ತೂಕಡಿಸಿದ ನೆನಪಿದೆ. ಆ ಮಕ್ಕಳ ಹೆಸರೂ ಈಗ ನೆನಪಿಲ್ಲ. ಅವರು ಯಾರೂ ಅವರೆಕಾಯಿ ತರಲಿಲ್ಲ, ಆದ್ದರಿಂದ ನಾನು ಅವರ ವಿಷಯದಲ್ಲಿ ನೆಮ್ಮದಿಯಾಗಿದ್ದೆ. ಅವರಲ್ಲಿ ಎಷ್ಟು ಮಂದಿ ನನ್ನ ಷರಾ ನಂಬಿ ಬಾಯಿ ಮುಚ್ಚಿಕೊಂಡರೋ ಯಾರಿಗೆ ಗೊತ್ತು? ಬೀದಿಯಲ್ಲಿ ಸಾಮಾನು ಕೊಳ್ಳುವಾಗ ನಾವು ಬದನೆಕಾಯಿಯನ್ನೂ ತಿರುಗಿಸಿ ನೋಡುತ್ತೇವೆ. ಒಂದು ಮಗುವಿನ ಗಂಟಲಿಗೆ ಬೆಲೆ ಕಟ್ಟಲು ನನಗೆ ಅದರ ಊರಿನ ಹೆಸರು ಸಾಕಾಯಿತು. ಹಳ್ಳಿಯವರಿಗೆ ಸಂಗೀತದ ಅರಿವಿಲ್ಲ ಎಂದು ನಾವು ಸಭೆಗಳಲ್ಲಿ ಮರುಗುತ್ತೇವಲ್ಲ, ಅವರು ಬಂದು ಹಾಡಿದಾಗ ನಾವು ಎಲ್ಲಿದ್ದೆವು? ನೀವು ಗಂಟೆ ಹೊಡೆಯುವಲ್ಲಿದ್ದಿರಿ, ನಾನು ಸ್ಟೇಷನ್ನಿನಲ್ಲಿದ್ದೆ.

ಇನ್ನು ನನ್ನ ಬೇಡಿಕೆ. ಬಹುಮಾನ ಕೇಳುವುದಿಲ್ಲ, ಅದು ಗೆದ್ದವರ ಮನೆಯ ಗೂಡಿನಲ್ಲಿದೆ, ಆ ಮಗುವಿನ ಕೈಯಿಂದ ಕಿತ್ತುಕೊಳ್ಳುವುದು ಇನ್ನೊಂದು ಅನ್ಯಾಯ. ಕ್ಷಮಾಪಣೆಯೂ ಬೇಡ, ಕಚೇರಿಗಳಿಂದ ತಪ್ಪು ಆಗುವುದಿಲ್ಲ ಎಂಬುದು ನನಗೆ ತಿಳಿದೇ ಇದೆ, ತಪ್ಪೆಲ್ಲ ನನ್ನದೆಂದೇ ಬರೆಯಿರಿ. ಮುಂದಿನ ವರ್ಷದ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿ, ತಕರಾರಿಲ್ಲ. ನನಗೆ ಬೇಕಾದದ್ದು ಒಂದು ಕಾಗದ. "ಮಾದಯ್ಯನವರ ಮಗಳು ಮರಿತಾಯಮ್ಮನ ಹಾಡನ್ನು ತೀರ್ಪುಗಾರರು ಕೇಳಲಿಲ್ಲ. ಅವಳಿಗೆ ಕೊಟ್ಟ ಮಾರ್ಕೂ ಬರೆದ ಷರಾವೂ ಸುಳ್ಳು." ಇಷ್ಟೇ ಬರೆದು ಉಗಾದಿಯ ಒಳಗೆ ಅವರ ಮನೆಗೆ ಕಳಿಸಿ. ನನ್ನ ಬಾಯಿಮಾತನ್ನು ಅವಳಪ್ಪ ನಂಬುವುದಿಲ್ಲ. ಪತ್ರಿಕೆಯಲ್ಲಿ ಬಂದರೂ ನಂಬುವುದಿಲ್ಲ, ಓದಲು ಅವನಿಗೆ ಬರುವುದಿಲ್ಲ. ಮೊಹರನ್ನು ಮಾತ್ರ ಗುರುತು ಹಿಡಿಯುತ್ತಾನೆ. ಆದ್ದರಿಂದ ಶಾಯಿ ಹೆಚ್ಚಾಗಿ ಅದ್ದಿ, ಚೆನ್ನಾಗಿ ಒತ್ತಿ.

ಅಷ್ಟೊಂದು ಹೇಳುತ್ತೀರಲ್ಲ, ಆ ಹುಡುಗಿ ನಿಜವಾಗಿ ಚೆನ್ನಾಗಿ ಹಾಡುತ್ತಾಳೆಯೇ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ, ಸ್ವಾಮಿ. ನನ್ನ ದೂರೇ ಅದು.

ಇಂತಿ, ಯಾರ ತೀರ್ಮಾನವನ್ನು ನೀವು ಅಂತಿಮವೆಂದು ಎತ್ತಿ ಹಿಡಿದಿರೋ ಆ ಅಪರಾಧಿ,
ಪಿಟೀಲು ಮೇಷ್ಟ್ರು ಶ್ಯಾಮಣ್ಣ
ಮಂಡ್ಯ, ಫೆಬ್ರವರಿ ೧೯೩೬