ಗೂಡಿನಡಿಯ ಕಲ್ಲು

ಮಾರ್ಚ್ ೧೨, ಬುಧವಾರ ರಾತ್ರಿ

ನನ್ನ ಮನೆಯೊಡತಿಗೆ,

ನಾನು ಕ್ಷೇಮ. ನೀನು, ಮಗಳು, ಮೊಮ್ಮಗಳು ಚೆನ್ನಾಗಿದ್ದೀರಿ ತಾನೆ? ಬಾಣಂತನಕ್ಕೆ ಹೋಗಿ ತಿಂಗಳಾಯಿತು, ಈ ಗಂಡಸು ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಇಲ್ಲಿಯ ಸಂಗತಿ ಕೇಳಿ ಆಮೇಲೆ ಬೈಯಿ.

ಕೋಳಿಗಳು ಮೈ ತುಂಬಿಕೊಂಡಿವೆ. ಇನ್ನು ಹತ್ತು ದಿನಕ್ಕೆ ಮಾಂಸದಂಗಡಿಯವನು ಬರುತ್ತಾನೆ. ತಳವಿಲ್ಲದ ಆ ಮರದ ಗೂಡನ್ನು ನಾನೂ ನಿನ್ನ ತಮ್ಮನೂ ದಿನಾ ಬೆಳಿಗ್ಗೆ ಹೊಸ ಹುಲ್ಲಿನ ಮೇಲಕ್ಕೆ ಎಳೆಯುತ್ತೇವೆ. ಎಳೆದದ್ದೇ ತಡ, ಮೇಯಲು ಮುಗಿಬೀಳುತ್ತವೆ. ಆದರೆ ನೀನು ಹೋದ ಎರಡನೇ ವಾರದಿಂದ ಒಂದೊಂದೇ ಕಡಿಮೆಯಾಗತೊಡಗಿತು. ರಕ್ತವಿಲ್ಲ, ಪುಕ್ಕವಿಲ್ಲ, ಜಾಲರಿ ಹರಿದಿಲ್ಲ. ಪಕ್ಕದ ಮನೆಯ ದರ್ಜಿಯ ನಾಯಿಯೇ ಇರಬೇಕೆಂದು ಹೋಗಿ ಕೇಳಿದೆ. "ಇದಕ್ಕೆ ಹಲ್ಲೇ ಇಲ್ಲ ಸ್ವಾಮಿ, ಗಂಜಿ ಕುಡಿಸ್ತಿದ್ದೀನಿ" ಎಂದು ಅವನು ಅದರ ಬಾಯಿ ತೆರೆದೇ ತೋರಿಸಿದ.

ಆಮೇಲೊಂದು ಸಂಜೆ ಗೂಡಿನ ಅಂಚಿನಡಿ ಮೂರು ಕಲ್ಲು ಕಂಡವು. ಯಾರೋ ಅಂಚು ಎತ್ತಿ, ಆನಿಕೆಗೆ ಕಲ್ಲು ಕೊಟ್ಟು, ಕೈ ತೂರಿಸಿ ಕೋಳಿ ಎಳೆಯುತ್ತಿದ್ದಾರೆ ಎಂದುಕೊಂಡೆ. ಯಾರಿಗೂ ಹೇಳದೆ ಕಿತ್ತೆಸೆದೆ. ಬೆಳಿಗ್ಗೆ ಒಂದು ಕೋಳಿ ಮಾಯ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಕಲ್ಲು, ಮತ್ತೆ ಕಿತ್ತೆ, ಮತ್ತೊಂದು ಮಾಯ. ನಾಲ್ಕು ಸಲ ಹೀಗಾಯಿತು.

ಇಂದು ಸಂಜೆ ಹುಲ್ಲಿನ ಮೆದೆಯ ಹಿಂದೆ ಕಾದು ಕುಳಿತೆ. ಮಂಡಿಯೂರಿ ಕಲ್ಲು ತುರುಕುತ್ತಿದ್ದವನು ನಿನ್ನ ತಮ್ಮ, ಆ ನಮ್ಮ ಮೌನಿ.

"ಏನಯ್ಯಾ ಇದು?" ಎಂದೆ.

"ಕಲ್ಲು, ಭಾವ."

"ನನಗೂ ಕಣ್ಣಿದೆ. ಕೋಳಿನ ಯಾರಿಗೆ ಕೊಡ್ತಿದ್ದೀಯ?"

ಸುಮ್ಮನೆ ನನ್ನ ಮುಖ ನೋಡಿದ. ತಪ್ಪು ಮಾಡದವನು ಹಾಗೆ ಬಾಯಿ ಮುಚ್ಚಿಕೊಂಡಿರುತ್ತಾನೆಯೇ, ನೀನೇ ಹೇಳು. ಒಳಗೆ ಹೋಗಿ ಚೀಲ ಕಟ್ಟಿದ. ನಾನೂ ತಡೆಯಲಿಲ್ಲ, ಬಸ್ಸು ಹತ್ತಿಸಿ ಬಂದೆ. ಕಲ್ಲುಗಳನ್ನೆಲ್ಲ ಬೇಲಿಯಾಚೆ ಎಸೆದಿದ್ದೇನೆ. "ಅವನಿಗೆ ನಮ್ಮನ್ನು ಬಿಟ್ರೆ ಯಾರಿದ್ದಾರೆ, ಏನೂ ಅನ್ಬೇಡಿ" ಎಂದು ನೀನು ಹೊರಡುವಾಗ ಹೇಳಿದ್ದು ಮರೆತಿಲ್ಲ. ಆದರೂ ಅವನನ್ನು ವಹಿಸಿಕೊಂಡು ಬರಬೇಡ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ನೂರು ವರ್ಷ ಬಾಳಲಿ.

ಇಂತಿ,
ನೀನು ಹೆಸರಿಟ್ಟ ಸಂಶಯಪಿಶಾಚಿ

ವಿ.ಸೂ.: ಗುರುವಾರ ಬೆಳಿಗ್ಗೆ. ಕಾಗದವನ್ನು ಇನ್ನೂ ಅಂಚೆಗೆ ಹಾಕಿರಲಿಲ್ಲ. ಒಂದೇ ರಾತ್ರಿಗೆ ಗೂಡಿನಿಂದ ಒಂಬತ್ತು ಕೋಳಿ ಮಾಯ. ನೆಲ ಏರುತಗ್ಗಲ್ಲವೇ, ಹುಲ್ಲು ಸರಿಸಿ ನೋಡಿದರೆ ಅಂಚಿನಡಿ ಗೇಣುದ್ದದ ಸಂದಿ, ಒದ್ದೆ ಮಣ್ಣಿನ ತುಂಬ ನರಿಯ ಹೆಜ್ಜೆ. ಅವನ ಕಲ್ಲು ಗೂಡನ್ನು ಎತ್ತುತ್ತಿರಲಿಲ್ಲ, ಸಂದಿ ಮುಚ್ಚುತ್ತಿತ್ತು. ಅವನು ಕಲ್ಲು ಇಡತೊಡಗಿದ ಮೇಲೆ, ನಾನು ಕಿತ್ತ ದಿನ ಮಾತ್ರ ಕೋಳಿ ಹೋಗುತ್ತಿದ್ದವು. ನನ್ನ ಬಾಯಿಗೆ ಮಣ್ಣು ಹಾಕ. ಅವನು ನಿನ್ನಲ್ಲಿಗೆ ಬಂದನೇ? ಬಂದಿದ್ದರೆ ಎಲ್ಲಿಗೂ ಬಿಡಬೇಡ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಬಸ್ಸಿನ ಕಿಟಕಿಯಿಂದ ಒಂದು ಮಾತು ಹೇಳಿದ್ದ. ಕೊಬ್ಬಿನ ಮಾತೆಂದುಕೊಂಡು ನಿನಗೆ ಬರೆದಿರಲಿಲ್ಲ.

"ಸಂಜೆ ಕಲ್ಲು ಇಡೋದು ಮರೀಬೇಡಿ, ಭಾವ."